ಗಂಜಿ ಮಡಕೆಯ ಕೇಸು

ಪೇಪರ್ ಓದಿದರೆ ಧೈರ್ಯ ಬರುತ್ತದೆ ಎಂದು ನಂಬಿದ್ದ ಪೆದ್ದರಲ್ಲಿ ನಾನೂ ಒಬ್ಬ. ಸೇಲಂನ ನಮ್ಮ ಕನ್ನಡ ನೇಕಾರರ ಬೀದಿಯಲ್ಲಿ ಸಂಜೆ ಜಗುಲಿಯ ಮೇಲೆ ಕೂತು ತಮಿಳು ಪೇಪರನ್ನು ಗಟ್ಟಿಯಾಗಿ ಓದಿ, ಕನ್ನಡದಲ್ಲಿ ಅರ್ಥ ಹೇಳುವವನು ನಾನು. ಅರ್ಥದ ಜೊತೆಗೆ ನನ್ನ ಸ್ವಂತ ಸರಕೂ ಒಂದಿಷ್ಟು ಸೇರುತ್ತಿತ್ತು. "ವಾರಂಟ್ ಇಲ್ದೆ ಪೋಲೀಸ್‌ನೋನು ನಮ್ಮ ಮೈ ಮುಟ್ಟಂಗಿಲ್ಲ ಕಣ್ರಲಾ" ಎಂದದ್ದು ಆ ಸ್ವಂತ ಸರಕಿನಲ್ಲಿ ಒಂದು. ಪೇಪರಿನಲ್ಲಿ ಅಂಥದ್ದೇನೂ ಇರಲಿಲ್ಲ.

ಆಗ ನಮ್ಮ ಜಿಲ್ಲೆಗೆ ಪಾನನಿರೋಧ ಬಂದು ಕೆಲವೇ ತಿಂಗಳಾಗಿತ್ತು. ಹೆಂಡದಂಗಡಿಗಳು ಮುಚ್ಚಿದವು, ಪೊಲೀಸರ ಮೂಗುಗಳು ತೆರೆದವು. ಅನುಮಾನ ಬಂದರೆ ಸಾಕು, ಹಿಡಿಯಬಹುದಂತೆ. ಅನುಮಾನ ಪಡುವುದಕ್ಕೆ ಬುದ್ಧಿ ಬೇಕೆಂದು ಯಾವ ಕಾನೂನಿನಲ್ಲೂ ಬರೆದಿಲ್ಲ. ನೆಗಡಿಯಾದ ಕಾನ್‌ಸ್ಟೇಬಲ್ಲನಿಗೂ ಅಷ್ಟೇ ಅಧಿಕಾರ.

ಒಂದು ಬೆಳಿಗ್ಗೆ ಬೀದಿಯುದ್ದಕ್ಕೂ ಹಾಸು, ಅಂದರೆ ಮಗ್ಗಕ್ಕೇರಿಸುವ ಉದ್ದೆಳೆಗಳನ್ನು, ಕಟ್ಟಿ, ನೂಲಿಗೆ ಗಂಜಿ ಬಳಿದು, ನಾನು ಒಂದು ಕಡೆ, ನನ್ನ ಹೆಂಡತಿ ಪುಟ್ಟಮ್ಮ ಇನ್ನೊಂದು ಕಡೆ ಕುಂಚ ಎಳೆಯುತ್ತಿದ್ದೆವು. ನಿಲ್ಲಿಸುವ ಹಾಗಿಲ್ಲ, ಗಂಜಿ ಒಣಗಿ ಎಳೆಗೆ ಎಳೆ ಅಂಟಿಕೊಂಡರೆ ಹಾಸು ಹಾಳು, ತಿಂಗಳ ಕೂಳೂ ಹೋಯಿತು. ಊರಿಗೆ ಹೊಸದಾಗಿ ಬಂದಿದ್ದ ಕಾನ್‌ಸ್ಟೇಬಲ್ ಬಂದು ನಮ್ಮ ಗಂಜಿ ಮಡಕೆಯ ಮುಂದೆ ನಿಂತ. ಎರಡು ದಿನ ಹುಳಿತ ಗಂಜಿ. ಬಗ್ಗಿ ಮೂಸಿದ, "ಎನ್ನಯ್ಯಾ ಇದು? ಸಾರಾಯಮಾ?" ಎಂದ.

"ಗಂಜಿ ಸಾಮಿ, ನೂಲಿಗೆ ಆಕೋದು" ಎಂದಳು ಪುಟ್ಟಮ್ಮ.

ಅವನು ನನ್ನ ರಟ್ಟೆ ಹಿಡಿದ. ಬೀದಿಯೆಲ್ಲ ನೋಡುತ್ತಿತ್ತು. ನಿನ್ನೆ ಓದಿ ಹೇಳಿದ ಬಾಯಿ ಇಂದು ಸುಮ್ಮನಿದ್ದರೆ ನಾಳೆ ಜಗುಲಿ ಹತ್ತುವುದು ಹೇಗೆ? "ವಾರಂಟ್ ಎಲ್ಲೈತೆ?" ಎಂದೆ. ಕೈ ಕೊಸರಿದೆ. ಕುಂಚದಲ್ಲಿದ್ದ ಗಂಜಿ ಹೋಗಿ ಅವನ ಮೀಸೆಯ ಮೇಲೆ ಕೂತಿತು.

ಬೀದಿಯ ಜನ ನನಗಾಗಿ ಓಡಿ ಬಂದರು ಎಂದುಕೊಂಡೆ. ಅವರು ಹಾಸಿಗಾಗಿ ಬಂದಿದ್ದರು. ಎದುರು ಮನೆಯ ಚಿಕ್ಕಪ್ಪ ನನ್ನ ಕೈಯಿಂದ ಕುಂಚ ಕಿತ್ತುಕೊಂಡು, "ನೀ ಓಗ್ಬಾ ಮಗಾ, ಹಾಸು ನಾವ್ ನೋಡ್ಕೊಂತೀವಿ" ಎಂದು ಎಳೆಯತೊಡಗಿದ.

ಠಾಣೆಯಲ್ಲಿ ಸಬ್‌ಇನ್‌ಸ್ಪೆಕ್ಟರು, ಸಾಕ್ಷಿಗೆಂದು ನನ್ನಿಂದಲೇ ಹೊರಿಸಿ ತಂದ ಮಡಕೆಗೆ ಬೆರಳು ಅದ್ದಿ, ನೆಕ್ಕಿ, ಉಗಿದರು. ಗಂಜಿಯ ಕೇಸು ಅಲ್ಲಿಗೆ ಮುಗಿಯಿತು. ಆದರೆ ಮೀಸೆಯ ಕೇಸು ಉಳಿಯಿತು. ಹಿಡಿದದ್ದು ತಪ್ಪಾದರೂ ಹಿಡಿಸಿಕೊಳ್ಳದೆ ಕೊಸರಿದ್ದು ಅಪರಾಧವಂತೆ! ಇಂಥ ನ್ಯಾಯಕ್ಕೆ ಬೆಂಕಿ ಹಾಕಬೇಕು ಎಂದು ಮನಸ್ಸಿನಲ್ಲಿ ಅಂದುಕೊಂಡೆ, ಮನಸ್ಸಿನಲ್ಲೇ. ಠಾಣೆಯ ರೈಟರು ತಪ್ಪೊಪ್ಪಿಗೆ ಬರೆದು, "ಕ್ಷಮೆ ಕೇಳಿದರೆ ಮನೆಗೆ, ಇಲ್ಲದಿದ್ದರೆ ಲಾಕಪ್ಪಿಗೆ" ಎಂದರು. ನೇಕಾರನಿಗೆ ಅಕ್ಷರ ಎಲ್ಲಿಂದ ಬರಬೇಕು ಎಂದುಕೊಂಡು, ಕೇಳದೆಯೇ ಮಸಿಯ ಡಬ್ಬಿ ಮುಂದಕ್ಕೆ ತಳ್ಳಿದರು. ಇಡೀ ಬೀದಿಗೆ ಪೇಪರ್ ಓದಿ ಹೇಳುವ ನಾನು, ಓದಲು ಬರುತ್ತದೆ ಎಂದು ಒಂದು ಮಾತು ಹೇಳದೆ, ಆ ಕಾಗದವನ್ನು ಓದದೆ, ಹೆಬ್ಬೆಟ್ಟು ಒತ್ತಿ ಬಂದೆ.

ಬೀದಿಗೆ ಕಾಲಿಟ್ಟಾಗ ಹಾಸು ಒಣಗಿ ಸುತ್ತಿಯಾಗಿತ್ತು, ಒಂದು ಎಳೆಯೂ ಅಂಟಿರಲಿಲ್ಲ. ಜನ ಸುತ್ತ ಸೇರಿ, "ಏನಂದ್ರು?" ಎಂದರು. ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಚಿಟ್ಟುಕೊಂಡು ಜಗುಲಿ ಹತ್ತಿದೆ. "ಕಾನೂನು ಹೇಳ್ದೆ. ಗಪ್‌ಚಿಪ್ ಬುಟ್ಟು ಕಳ್ಸಿದ್ರು" ಎಂದೆ. ಚಿಕ್ಕಪ್ಪ ಹೆಮ್ಮೆಯಿಂದ ನನ್ನ ಬೆನ್ನು ತಟ್ಟಿದ.

ಪುಟ್ಟಮ್ಮ ನೀರಿನ ಚೊಂಬು ತಂದಳು. ಅದನ್ನು ಹಿಡಿಯಲು ಮುಷ್ಟಿ ಬಿಚ್ಚಲೇಬೇಕಾಯಿತು. "ಬೆರಳಿಗೇನು?" ಎಂದಳು. ನೂಲಿನ ಬಣ್ಣ ಎಂದೆ. ಅವಳು ನೂಲಿಗೆ ಬಣ್ಣ ಹಾಕುವವರ ಮನೆ ಮಗಳು. ಬೆರಳನ್ನು ಬೆಳಕಿಗೆ ತಿರುಗಿಸಿ ನೋಡಿ, ಯಾರಿಗೂ ಕೇಳದಂತೆ ಹೇಳಿದಳು: "ಈ ಬಣ್ಣ ನಮ್ಮಪ್ಪನ ತಾವ ಇಲ್ಲ. ಒಳಗೋಗಿ ತೊಳ್ಕೊಂಡು ಬನ್ನಿ, ಆಮ್ಯಾಕೆ ಕಾನೂನು ಹೇಳೀರಂತೆ."