ಅವ್ವನ ಸೆರಗು ಮತ್ತು ಆರಿಹೋದ ಮೀಟರು

ಕೆಲವರಿಗೆ ಮನೆಗೆ ಬೀಗ ಹಾಕಿದ ಮೇಲೂ ಅದನ್ನು ಜಗ್ಗಿ ನೋಡದಿದ್ದರೆ ಸಮಾಧಾನವಿಲ್ಲ. ನಾನು ಆ ಪೈಕಿಯವನು. ಜ್ವರ ಬಂದಿದೆಯೆಂದು ಮೈ ಹೇಳಿದರೆ ನಂಬುವುದಿಲ್ಲ, ಥರ್ಮಾಮೀಟರು ಹೇಳಬೇಕು. ಹಸಿವೆಯಾಗಿದೆಯೆಂದು ಹೊಟ್ಟೆ ಕೂಗಿದರೂ ಒಮ್ಮೆ ಗಡಿಯಾರ ನೋಡಿಯೇ ತಟ್ಟೆಯ ಮುಂದೆ ಕೂಡುತ್ತೇನೆ. ಇಂಥವನ ಕಾರಿನಲ್ಲೇ ಮೀಟರು ಕೆಟ್ಟಿತೆಂದರೆ ದೇವರಿಗೂ ಆಗಾಗ ತಮಾಷೆ ಬೇಕಾಗುತ್ತದೆ ಅನ್ನಬೇಕು.

ಕಾರು ಹಳೆಯದು, ಹೈಬ್ರಿಡ್. ಅಂದರೆ ಪೆಟ್ರೋಲೂ ಉಂಟು, ದೊಡ್ಡ ಬ್ಯಾಟರಿಯೂ ಉಂಟು. ಯಾವಾಗ ಯಾವುದರ ಮೇಲೆ ಓಡಬೇಕೆಂಬುದನ್ನು ಅದೇ ತೀರ್ಮಾನಿಸುತ್ತದೆ, ನನ್ನನ್ನು ಕೇಳುವುದಿಲ್ಲ. ನಮ್ಮ ಮನೆಯ ಪದ್ಧತಿಯೂ ಹಾಗೇ ಇರುವುದರಿಂದ ನನಗೆ ಅದೇನೂ ಹೊಸದೆನಿಸಿರಲಿಲ್ಲ. ನಿಂತಾಗ ಅದಕ್ಕೆ ಸದ್ದೇ ಇಲ್ಲ. ವೇಗ, ಪೆಟ್ರೋಲು, ಗೇರು, ಕೊನೆಗೆ ಕಾರು ಚಾಲೂ ಇದೆಯೋ ಬಂದ್ ಆಗಿದೆಯೋ ಎನ್ನುವುದನ್ನು ಕೂಡ ಎದುರಿನ ಹಸಿರು ಅಕ್ಷರಗಳೇ ಹೇಳಬೇಕು. ಒಂದು ಬೆಳಿಗ್ಗೆ ಪುಣೆಯ ಮಗರಪಟ್ಟಾದಲ್ಲಿರುವ ಆಫೀಸಿಗೆ ಹೊರಟಾಗ ಅವು ಒಮ್ಮೆ ಮಿಣುಕಿ ಆರಿಹೋದವು. ಕಾರು ಮಾತ್ರ ಏನೂ ಆಗದವರ ಹಾಗೆ ಓಡುತ್ತಲೇ ಇತ್ತು. ಹೊಸ ಮೀಟರು ಸಿಗುವುದಿಲ್ಲ, ಬಿಚ್ಚಿ ರಿಪೇರಿಗೆ ಕಳಿಸಬೇಕು, ಗ್ಯಾರಂಟಿ ಕೇಳಬೇಡಿ ಎಂದರು ಗ್ಯಾರೇಜಿನವರು.

"ಮಾರಿಬಿಡ್ರಿ," ಎಂದಳು ನನ್ನ ಹೆಂಡತಿ ಸುನಂದಾ. "ಕಣ್ಣಿಲ್ಲದ ಗಾಡಿ ತೊಗೊಂಡು ಏನ್ ಮಾಡೋದದ?"

ಮಾರಬಹುದಿತ್ತು. ನನಗಿದ್ದ ಸಂಕಟ ಅವ್ವನದು. ಧಾರವಾಡ ಬಿಟ್ಟು ಖರಾಡಿಯ ನಮ್ಮ ಫ್ಲ್ಯಾಟಿಗೆ ಬಂದಾಗಿನಿಂದ ಅವಳು ಬಾಡಿಗೆ ಕಾರನ್ನು ಒಮ್ಮೆ ಹತ್ತಿದ್ದು ಬಿಟ್ಟರೆ ಮತ್ತೆ ಹತ್ತಿಯೇ ಇಲ್ಲ. "ಆ ಹುಡುಗ್ರು ಸಾವಕಾಶ ಅಂದ್ರ ಕೇಳೂದಿಲ್ಲ, ಕಿಡಕಿ ತಗೀಲಿಕ್ಕೂ ಬಿಡೂದಿಲ್ಲ," ಎನ್ನುವುದು ಅವಳ ದೂರು. ಈ ಕಾರು ಹೋದರೆ ಗುಡಿ, ಸಂಬಂಧಿಕರು, ಸಂಜೆಯ ಸುತ್ತಾಟ ಎಲ್ಲ ಹೋಗಿ ಅವಳ ಪುಣೆ ಎಂದರೆ ನಮ್ಮ ಬಾಲ್ಕನಿ ಅಷ್ಟೇ ಆಗುತ್ತಿತ್ತು.

ಅವಳ ಕಿಡಕಿಗೊಂದು ಚರಿತ್ರೆಯಿದೆ. ನಮ್ಮಪ್ಪನ ಕಾರಿನ ವೇಗದ ಮುಳ್ಳು ನಾನು ಹುಟ್ಟುವ ಮೊದಲೇ ಸೊನ್ನೆಯ ಮೇಲೆ ಮಲಗಿತ್ತು. ಅಪ್ಪ ಅದನ್ನು ಎಬ್ಬಿಸುವ ಗೋಜಿಗೆ ಹೋಗಲಿಲ್ಲ. ಪೆಟ್ರೋಲು ನೋಡಲು ಟ್ಯಾಂಕಿನೊಳಗೆ ಇಳಿಸುವ ಒಂದು ಕಡ್ಡಿಯಿತ್ತು, ವೇಗ ನೋಡಲು ಅವ್ವನಿದ್ದಳು. ಮುಂದಿನ ಸೀಟಿನಲ್ಲಿ ಕಿಟಕಿ ಇಳಿಸಿಕೊಂಡು, ತಲೆಯ ಮೇಲೆ ಸೆರಗು ಹೊದ್ದು ಕೂತಿರುತ್ತಿದ್ದಳು. ಗಾಳಿಗೆ ಸೆರಗು ಜಾರಿತೆಂದರೆ, "ಸೆರಗು ಹೋತ್ರೀ," ಎನ್ನುತ್ತಿದ್ದಳು. ಅಪ್ಪ ತಕ್ಷಣ ಕಾಲು ಸಡಿಲಿಸುತ್ತಿದ್ದ. ಪಿನ್ನು ಚುಚ್ಚಿಕೊ ಎಂದು ಒಂದು ದಿನವೂ ಹೇಳಿದವನಲ್ಲ. ಹಿಂದೆ ಕೂತ ನಾನು, ತಂಗಿ, ಹುಬ್ಬಳ್ಳಿಯ ದಾರಿಯುದ್ದಕ್ಕೂ ಸೆರಗು ಜಾರಲಿ ಎಂದು ಬೇಡಿಕೊಳ್ಳುತ್ತಿದ್ದೆವು, ಏಕೆಂದರೆ ಜಾರಿತೆಂದರೆ ಅಪ್ಪ ಕಾರನ್ನು ಹಾರಿಸುತ್ತಿದ್ದಾನೆ ಎಂದೇ ಅರ್ಥ. ಅಪ್ಪ ಹೋಗಿ ಎಷ್ಟೋ ವರ್ಷಗಳಾದವು. ಬಿಸಿಲಿಗೆ ಕಾದ ಆ ರೆಕ್ಸಿನ್ ಸೀಟಿನ ವಾಸನೆ ಈಗಲೂ ಮೂಗಿನಲ್ಲಿದೆ. ಆಫೀಸಿನಲ್ಲಿ ಯಾರಾದರೂ ತಮ್ಮ ಕಾರಿನ ವೇಗದ ಬಡಾಯಿ ಕೊಚ್ಚಿದರೆ, ನೀವು ನಮ್ಮಪ್ಪ ಓಡಿಸುವುದನ್ನು ನೋಡಬೇಕಿತ್ತು ಎಂದು ನಾನು ಬಾಯಿ ಮುಚ್ಚಿಸುತ್ತಿದ್ದುದೂ ಉಂಟು.

ಅಪ್ಪನಿಗೆ ಆದದ್ದು ನನಗೇಕೆ ಆಗದು ಎಂದು ಹಟ ಹಿಡಿದೆ. ಶಿವಾಜಿನಗರದಲ್ಲಿ ಸುನಂದಾಳ ಸೋದರತ್ತೆಯ ಮೊಮ್ಮಗಳನ್ನು ತೊಟ್ಟಿಲಿಗೆ ಹಾಕುವ ಕಾರ್ಯಕ್ರಮವಿತ್ತು. "ಮಂದಿ ಮುಂದ ಮಾನ ಹೋಗಧಂಗ ಕರಕೊಂಡು ಹೋಗಿ ಬರ್ರಿ, ರಿಪೇರಿ ಮಾಡಸೋಣ. ಇಲ್ಲಂದ್ರ ಮಾರೂದು," ಎಂದು ಸುನಂದಾ ಷರತ್ತು ಹಾಕಿದಳು. ಅವ್ವ ಮುಂದೆ ಕೂತು ಕಿಟಕಿ ಇಳಿಸಿದಳು. ದಾರಿಯಲ್ಲಿ ಎರಡೋ ಮೂರೋ ಸಲ "ಸೆರಗು ಹೋತು, ತಮ್ಮಾ," ಎಂದಳು. ನಾನು ಕಾಲು ಸಡಿಲಿಸಿದೆ. ಒಂದು ಗೀರೂ ಬೀಳದೆ ತಲುಪಿದೆವು. ಕಾರು ಬಂದ್ ಮಾಡುವ ಗುಂಡಿ ಒತ್ತಿ, ಗೆದ್ದವನ ಠೀವಿಯಲ್ಲಿ ಒಳಗೆ ನಡೆದೆ.

ಊಟಕ್ಕೆ ಕೂತು ಹೋಳಿಗೆಗೆ ಕೈ ಹಾಕಿದಾಗ ಕಟ್ಟಡದ ವಾಚ್‌ಮನ್ ಏದುಸಿರು ಬಿಡುತ್ತ ಬಂದ. "ಸಾಹೇಬ, ತುಮಚೀ ಗಾಡೀ ಆಪೋಆಪ ಚಾಲೂ ಝಾಲೀ." ನನ್ನ ಗಾಡಿ ತಾನಾಗಿಯೇ ಚಾಲೂ ಆಗಿದೆಯಂತೆ. ಹೋಗಿ ನೋಡಿದರೆ ಖಾಲಿ ಕಾರು ಗುರ್ ಎನ್ನುತ್ತಿದೆ, ಸುತ್ತ ಮಂದಿ ಮಾರು ದೂರ ನಿಂತಿದ್ದಾರೆ. ಒಬ್ಬರು ಆಗಲೇ ನಿಂಬೆಹಣ್ಣಿನ ಮಾತು ಎತ್ತಿದ್ದರು. ಆದದ್ದಿಷ್ಟೇ. ನಾನು ಗುಂಡಿ ಒತ್ತಿದ್ದೆ, ಕಾರು ಬಂದ್ ಆಗಿರಲಿಲ್ಲ. ಸದ್ದಿಲ್ಲ, ಅಕ್ಷರವಿಲ್ಲ, ತಿಳಿಯುವುದು ಹೇಗೆ? ಬ್ಯಾಟರಿ ಇಳಿದಾಗ ಅದು ತನ್ನ ಪಾಡಿಗೆ ಎಂಜಿನ್ ಹಚ್ಚಿಕೊಂಡಿತ್ತು. ತೊಟ್ಟಿಲ ಕೂಸೊಂದನ್ನು ಬಿಟ್ಟು ಉಳಿದ ಬಳಗವೆಲ್ಲ ಕೆಳಗಿಳಿದು ಬಂದಿತ್ತು. ನಾನು ಸೋತೆ ಎಂದುಕೊಂಡು ಸುನಂದಾಳ ಮುಖ ನೋಡದೆ ನಿಂತೆ.

ಆಗ ಅವ್ವ ನಗತೊಡಗಿದಳು. "ನಿಮ್ಮಪ್ಪನ ಗಾಡಿ ಓಣಿ ಮಂದಿ ಎಲ್ಲಾ ಕೂಡಿ ದಬ್ಬಿದ್ರೂ ಚಾಲೂ ಆಗ್ತಿದ್ದಿಲ್ಲ. ಇದು ನೋಡು, ಯಾರೂ ಇಲ್ಲದಾಗ ತಾನ ಚಾಲೂ ಆಗೇದ," ಎಂದು ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು. ಅಪ್ಪ ಹೋದ ಮೇಲೆ ಅವಳು ಹಾಗೆ ನಕ್ಕಿದ್ದನ್ನು ನಾನು ಕಂಡಿರಲಿಲ್ಲ. ಆರಿಸಿದರೆ ಮತ್ತೆ ಹತ್ತುತ್ತದೋ ಇಲ್ಲವೋ ಎಂದು ಚಾಲೂ ಇದ್ದ ಕಾರನ್ನೇ ಏರಿ ಮನೆಗೆ ಹೊರಟೆವು. ಹಿಂದಿನ ಸೀಟಿನಿಂದ ಸುನಂದಾ ಮೆಲ್ಲಗೆ, "ನಾಳೆ ರಿಪೇರಿಗೆ ಕೊಡ್ರಿ," ಎಂದಳು.

ಮೀಟರು ರಿಪೇರಿಯಾಗಿ ಬಂತು. ಹಸಿರು ಅಂಕಿಗಳು ಮತ್ತೆ ಬೆಳಗಿದವು. ಮೊದಲ ಭಾನುವಾರ ಮೂವರೂ ಹೊರಟೆವು. ಖಾಲಿ ರಸ್ತೆ, ಕಿಟಕಿ ತೆರೆದಿತ್ತು. ನಾನು ಬೇಕೆಂದೇ ವೇಗವನ್ನು ಒಂದಿಷ್ಟೇ ಏರಿಸುತ್ತ ಹೋದೆ. "ಸೆರಗು ಹೋತು, ತಮ್ಮಾ," ಎಂದಳು ಅವ್ವ. ನಾನು ಅಂಕಿ ನೋಡಿದೆ.

ಮೂವತ್ತೆಂಟು.

ಹುಬ್ಬಳ್ಳಿಯ ದಾರಿಯಲ್ಲಿ ನಮ್ಮಪ್ಪ ಗಾಳಿಯಂತೆ ಹಾರಿಸುತ್ತಿದ್ದ ವೇಗ ಮೂವತ್ತೆಂಟು. ಹಿಂದಿನಿಂದ ಒಬ್ಬ ರಿಕ್ಷಾದವನು ಹಾರ್ನ್ ಬಾರಿಸಿ, ನಮ್ಮನ್ನು ದಾಟಿ, ತಿರುಗಿ ನೋಡಿ ಹೋದ. ನಾನು ಕಾಲು ಸಡಿಲಿಸಿದೆ. ಅವ್ವ ಸೆರಗು ಸರಿಮಾಡಿಕೊಂಡಳು.

"ಎಷ್ಟು ತೋರಸ್ತದ್ರೀ?" ಎಂದು ಸುನಂದಾ ಕೇಳಿದಳು.

"ರಿಪೇರಿ ಸರಿ ಆಗಿಲ್ಲ," ಎಂದೆ. "ಈ ಮೀಟರ್ ನಂಬಲಿಕ್ಕೆ ಬರೂದಿಲ್ಲ."