ಹನ್ನೆರಡನೇ ಪ್ಲಗ್ಗು

ಇವತ್ತು ಶುಕ್ರವಾರ. ಐದು ಗಂಟೆಗೆ ಎದ್ದೆ. ಉದ್ದಿನ ದೋಸೆ ಮಾಡಿದೆ, ಚಟ್ನಿ ಅರೆದೆ. ನನ್ನ ಗಂಡನ ಚಪ್ಪಲಿ ಅಂಗಡಿಯ ಬೀಗದ ಕೀ ಹುಡುಕಿಕೊಟ್ಟೆ. ಅದು ಅವರ ಕಿಸೆಯಲ್ಲೇ ಇತ್ತು. ಎರಡು ಬಕೆಟ್ ಬಟ್ಟೆ ಒಗೆದೆ. ನಿನ್ನೆ ಒತ್ತಿದ ಹಲಸಿನ ಹಪ್ಪಳವನ್ನು ಟೆರೇಸಿನಲ್ಲಿ ಚಾಪೆ ಹಾಕಿ ಹರಡಿದೆ. ಬಸಳೆ ಸಾರು ಮಾಡಿದೆ. ಹಪ್ಪಳ ಮಗುಚಿದೆ. ಕಡಬ ಪೇಟೆಗೆ ಹೋಗಿ ಉಪ್ಪು, ಸಾಬೂನು ಮತ್ತು ಅತ್ತಿತ್ತ ತಿರುಗಿಸಿ ನೋಡಿ ಆರಿಸಿದ ಒಂದು ಪೊರಕೆ ತಂದೆ. ಪುನಃ ಹಪ್ಪಳ ಮಗುಚಿದೆ.

ಒಂದೇ ಹಗಲಿನಲ್ಲಿ ಇಷ್ಟೆಲ್ಲ ಮಾಡಿದೆ ಎಂದು ಕೊಚ್ಚಿಕೊಳ್ಳುವುದಕ್ಕೆ ಇದನ್ನು ಬರೆದದ್ದಲ್ಲ. ಇದೇ ಮನೆಯಲ್ಲಿ ನನ್ನ ಭಾವ, ಅಂದರೆ ಗಂಡನ ಅಣ್ಣ, ಒಂದೇ ಒಂದು ಕೆಲಸವನ್ನು ಇಪ್ಪತ್ತಮೂರು ದಿನದಿಂದ ಮಾಡುತ್ತಿದ್ದರು ಎಂದು ತಿಳಿಸುವುದಕ್ಕೆ ಬರೆದದ್ದು. ಟಿ.ವಿ.ಗೆ ಜೋಡಿಸಿ ಆಡುವ ಒಂದು ಗೇಮ್ ಪೆಟ್ಟಿಗೆಗೆ ಇಂಟರ್ನೆಟ್ ಕೊಡುವ ಕೆಲಸ.

ನನ್ನ ಭಾವನಷ್ಟು ಧೈರ್ಯವಂತರು ಪುತ್ತೂರು, ಸುಳ್ಯ, ಕಡಬ ಮೂರು ತಾಲೂಕು ಸೇರಿಸಿ ಹುಡುಕಿದರೂ ಸಿಗಲಿಕ್ಕಿಲ್ಲ, ಆಕಾಶದಲ್ಲಿ ಮೋಡ ಇಲ್ಲದಿದ್ದರೆ. ಮೂವತ್ತನಾಲ್ಕು ವರ್ಷ ಲೈನ್‌ಮ್ಯಾನ್ ಆಗಿದ್ದವರು. ಗುತ್ತಿಗಾರಿನ ಕಡೆ ಕಂಬದ ಬುಡಕ್ಕೆ ಆನೆ ಬಂದು ನಿಂತಾಗ ಅದು ಹೋಗುವವರೆಗೆ ಮೇಲೆಯೇ ಕೂತು ಎಲೆ ಅಡಿಕೆ ಜಗಿದವರು. ಮದುವೆಯಾಗಲಿಲ್ಲ. ಕಂಬ ಹತ್ತುವವನಿಗೆ ಹೆಣ್ಣು ಕೊಡುವವರು ಯಾರು ಎಂದು ಅವರು ಹೇಳುತ್ತಾರೆ. ಯಾರೂ ಕೇಳಲೇ ಇಲ್ಲ ಎಂದು ನನ್ನ ಗಂಡ ಹೇಳುತ್ತಾರೆ. ಇಂಥವರು ಒಂದು ಗುಡುಗು ಕೇಳಿದರೆ ಸಾಕು, ಕೂತಲ್ಲಿಂದ ಚಿಮ್ಮಿ ಏಳುತ್ತಾರೆ.

ನಮ್ಮ ಊರಲ್ಲಿ ಗುಡುಗು ಬಂದರೆ ಪ್ಲಗ್ ತೆಗೆಯದವರು ಯಾರಿದ್ದಾರೆ? ಬೇಸಗೆಯ ಕೊನೆಗೆ ದಿನಾ ಸಂಜೆ ನಾಲ್ಕಕ್ಕೆ ಘಟ್ಟದ ಕಡೆಯಿಂದ ಗುಡುಗು ಹೊರಡುತ್ತದೆ. ಎಲ್ಲ ಮನೆಯಲ್ಲೂ ಟಿ.ವಿ. ಪ್ಲಗ್ಗು, ಫ್ರಿಜ್ಜಿನ ಪ್ಲಗ್ಗು ತೆಗೆಯುತ್ತಾರೆ. ಅದು ಲೋಕರೂಢಿ. ಆದರೆ ನಮ್ಮ ಮನೆಯ ಹತ್ತು ಪ್ಲಗ್ಗುಗಳಿಗೆ ಕೆಂಪು ಪೈಂಟಿನಲ್ಲಿ ನಂಬರ್ ಬರೆದಿದೆ. ಒಂದರಿಂದ ಹತ್ತರವರೆಗೆ ಕ್ರಮವಾಗಿ ತೆಗೆಯಬೇಕು, ವಯರು ಗೋಡೆಗೆ ತಾಗದಂತೆ ಇಡಬೇಕು, ಮೊಬೈಲ್ ಸ್ವಿಚ್ ಆಫ್ ಮಾಡಬೇಕು. ಗೋಡೆ ಗಡಿಯಾರದ್ದು ಬ್ಯಾಟರಿ ಅಲ್ಲವೇ ಎಂದು ಕೇಳಿದೆ ಒಮ್ಮೆ. ಮರುದಿನದಿಂದ ಗಡಿಯಾರದ ಸೆಲ್ಲೂ ತೆಗೆಯಲು ಶುರುಮಾಡಿದರು. ನಮ್ಮ ಗಡಿಯಾರ ಮಳೆಗಾಲ ಮುಗಿಯುವವರೆಗೆ ಸರಿಯಾದ ಸಮಯ ತೋರಿಸುವುದಿಲ್ಲ.

ಮಿಕ್ಸಿಯೊಳಗೆ ಅರ್ಧ ಅರೆದ ಮಸಾಲೆ, ಇಸ್ತ್ರಿಪೆಟ್ಟಿಗೆಯ ಅಡಿಯಲ್ಲಿ ಅರ್ಧ ಅಂಗಿ, ಇದು ನನ್ನ ಸಂಸಾರ. ಒಮ್ಮೆ ಪಕ್ಕದ ರಸ್ತೆಯಲ್ಲಿ ಟಿಪ್ಪರ್ ಜಲ್ಲಿ ಸುರಿಯಿತು. ನಾನು ಅಡುಗೆಮನೆಯಿಂದ ಬರುವಷ್ಟರಲ್ಲಿ ಏಳು ಪ್ಲಗ್ಗು ಹೊರಗೆ.

"ಅದು ಜಲ್ಲಿ ಭಾವ."

"ಸಂಶಯಕ್ಕೆ ತೆಗೆದರೆ ನಷ್ಟ ಎಂತ?" ಎಂದು ಉಳಿದ ಮೂರನ್ನೂ ತೆಗೆದರು.

ಇಂಥ ಮನೆಗೆ ಹನ್ನೊಂದನೆಯ ಮತ್ತು ಹನ್ನೆರಡನೆಯ ಪ್ಲಗ್ಗು ಬಂದದ್ದು ಹಾಜಿಯವರಿಂದ. ಹಾಜಿಯವರು ಭಾವನ ಜೊತೆಯ ಲೈನ್‌ಮ್ಯಾನ್. ಒಬ್ಬರು ಕಂಬದ ಮೇಲೆ, ಒಬ್ಬರು ಕಂಬದ ಕೆಳಗೆ, ಮಧ್ಯಾಹ್ನ ಬುತ್ತಿ ಉಂಡು ಇಬ್ಬರೂ ಕೇರಂ ಬೋರ್ಡಿನ ಎದುರು. ಪೆನ್ಶನ್ ಆದ ಮೇಲೂ ವಾರಕ್ಕೆ ಎರಡು ಸಲ ನಮ್ಮ ಜಗಲಿಯಲ್ಲಿ ಆಡುತ್ತಿದ್ದರು. ಹೋದ ವರ್ಷ ಹಾಜಿಯವರ ಎದೆಯ ತೊಂದರೆ ಜೋರಾಗಿ, ಮಗಳು ಕುವೈತಿಗೆ ಕರೆದುಕೊಂಡು ಹೋದಳು. ಅಂದಿನಿಂದ ಬೋರ್ಡು ಕಪಾಟಿನ ಹಿಂದೆ. ನನ್ನ ಗಂಡ ಒಮ್ಮೆ ಆಡಲು ಕೂತರು. ಭಾವ ನಾಲ್ಕು ಹೊಡೆತ ನೋಡಿ, "ನೀನು ಅಂಗಡಿಗೆ ಹೋಗು ಮಾರಾಯ" ಎಂದು ಎಬ್ಬಿಸಿದರು.

ಮೊಬೈಲಿನಲ್ಲೂ ಕೇರಂ ಉಂಟು. ಆದರೆ ಹಾಜಿಯವರಿಗೆ ಸಣ್ಣದು ಕಾಣುವುದಿಲ್ಲ, ಭಾವನ ಬೆರಳನ್ನು ಮೊಬೈಲ್ ಲೆಕ್ಕಕ್ಕೇ ಹಿಡಿಯುವುದಿಲ್ಲ. ಹಾಗಾಗಿ ಹಾಜಿಯವರು ಮೊಮ್ಮಗಳ ಹಳೆಯ ಗೇಮ್ ಪೆಟ್ಟಿಗೆಯನ್ನು ಊರಿಗೆ ಬರುವವರ ಕೈಯಲ್ಲಿ ಕಳುಹಿಸಿದರು, ಖರ್ಜೂರದ ಪೊಟ್ಟಣದ ಜೊತೆ ಟವೆಲಿನಲ್ಲಿ ಸುತ್ತಿ. ಫೋನಿನಲ್ಲಿ ಹೇಳಿದರು: "ನನ್ನದು ಆಪರೇಷನ್ ಉಂಟು. ಮುಂದಿನ ತಿಂಗಳ ಮೊದಲ ಶನಿವಾರ ಬೆಳಿಗ್ಗೆ. ಹಿಂದಿನ ದಿನ ಸಂಜೆ ಆಸ್ಪತ್ರೆಗೆ ಸೇರುದು. ಅದಕ್ಕೆ ಮೊದಲು ಒಂದು ಬೋರ್ಡ್ ಆಡುವ. ಆಮೇಲೆ ಎಂತ ಆಗ್ತದೋ ಯಾರಿಗೆ ಗೊತ್ತು."

"ಎಂತ ಆಗ್ಲಿಕ್ಕೆ ಉಂಟು? ಸೋತು ಆಸ್ಪತ್ರೆಗೆ ಹೋಗ್ತಿ" ಎಂದು ಭಾವ ಫೋನ್ ಇಟ್ಟರು. ಅಂದು ಮಧ್ಯಾಹ್ನ ಅನ್ನ ಸರಿಯಾಗಿ ಉಣ್ಣಲಿಲ್ಲ.

ಇಂಟರ್ನೆಟ್ ಹಾಕಲು ಬಂದ ಮೀಸೆಯ ಮನುಷ್ಯ ಪಾಪದವರು. ಮೋಡೆಮ್ ಗೋಡೆಗೆ ಹೊಡೆದು, "ಇದನ್ನು ಒಂದು ದಿನ ಪೂರ್ತಿ ಆಫ್ ಮಾಡಬೇಡಿ, ಲೈನ್ ಸರಿಯಾಗಿ ಕೂರಬೇಕು" ಎಂದರು.

"ಒಂದು ದಿನ ಪೂರ್ತಿ ಮೋಡ ಬಾರದ ಹಾಗೆ ನೀವು ನೋಡ್ಕೊಳ್ತೀರಾ?" ಎಂದರು ಭಾವ.

"ಇದು ಫೈಬರ್ ಅಜ್ಜ. ಗಾಜಿನ ನೂಲು. ಸಿಡಿಲು ಹಿಡಿಯುದಿಲ್ಲ."

"ಅಜ್ಜ ಆಮೇಲೆ. ಗಾಜಿನ ನೂಲು, ಒಪ್ಪಿದೆ. ಅದು ಬಂದು ಸೇರುದು ಎಲ್ಲಿಗೆ?"

"ಮೋಡೆಮಿಗೆ."

"ಮೋಡೆಮ್ ಸೇರುದು ಎಲ್ಲಿಗೆ?"

ಅವರು ಪ್ಲಗ್ಗನ್ನು ನೋಡಿದರು. ಅದರ ಮೇಲೆ ಆಗಲೇ ಕೆಂಪು ಪೈಂಟಿನಲ್ಲಿ ಹನ್ನೊಂದು ಎಂದು ಬರೆದಾಗಿತ್ತು. ಕಾಫಿ ಕುಡಿದು ಹೋದರು.

ಹನ್ನೆರಡನೆಯ ಪ್ಲಗ್ಗು ಹಾಕಿ ಪೆಟ್ಟಿಗೆ ಆನ್ ಮಾಡಿದರೆ ಮೊದಲು ಹೆಸರು ಕೇಳಿತು. ಭಾವ ತಮ್ಮ ಹೆಸರು, ತಂದೆಯ ಹೆಸರು, ಮನೆಯ ಹೆಸರು, ನಿವೃತ್ತ ಎಂಬ ಶಬ್ದ, ಎಲ್ಲವನ್ನೂ ಕೈಯಲ್ಲಿ ಹಿಡಿಯುವ ಆ ಗುಂಡಿಗಳ ಯಂತ್ರದಿಂದ ಒಂದೊಂದೇ ಅಕ್ಷರ ಒತ್ತಿ ತುಂಬಿಸಲು ಹೊರಟರು. ತಂದೆಯ ಹೆಸರಿನ ಅರ್ಧಕ್ಕೆ ಪೆಟ್ಟಿಗೆ ಸಾಕು ಎಂದಿತು. ಆಮೇಲೆ ಹುಟ್ಟಿದ ತಾರೀಕು. ಕೈತಪ್ಪಿ ಇಸವಿ ತಪ್ಪಾಗಿ ಬಿತ್ತು. ಹೆತ್ತವರ ಒಪ್ಪಿಗೆ ಬೇಕು ಎಂದು ಬಂತು. ಭಾವ ಗೋಡೆಯ ಮೇಲಿದ್ದ ತಾಯಿಯ ಫೋಟೋ ನೋಡಿದರು, ಪೆಟ್ಟಿಗೆಯನ್ನು ನೋಡಿದರು, ಎದ್ದು ಹೋಗಿ ಕೈಕಾಲು ತೊಳೆದು ಬಂದರು.

ಇದೆಲ್ಲ ದಾಟಿದ ಮೇಲೆ ನಿಜವಾದ ಕಷ್ಟ ಶುರುವಾಯಿತು. ಪೆಟ್ಟಿಗೆ ಹಳೆಯದು, ಅಪ್‌ಡೇಟ್ ಆಗಬೇಕು, ಆಮೇಲೆ ಕೇರಂ ಆಟ ಇಳಿಯಬೇಕು. ನಡುವೆ ಪ್ಲಗ್ ತೆಗೆಯಬೇಡಿ ಎಂದು ಪರದೆಯ ಮೇಲೆ ಬರುತ್ತದೆ. ಯಾರಿಗೆ ಹೇಳುವುದು ಅದನ್ನು?

ಬೆಳಿಗ್ಗೆ ಮಾಡೋಣವೆಂದರೆ ತಂತಿಗೆ ತಾಗುವ ಮರದ ಗೆಲ್ಲು ಕಡಿಯಲು ಕರೆಂಟ್ ತೆಗೆಯುತ್ತಾರೆ. ನಾನು ಗೊಣಗಿದರೆ ಭಾವನಿಗೆ ಸಿಟ್ಟು: "ಮಳೆಗೆ ಮೊದಲು ಗೆಲ್ಲು ಕಡಿಯುದು ಬೇಡ್ವಾ?" ಮಧ್ಯಾಹ್ನ ಎರಡಕ್ಕೆ ಕರೆಂಟ್ ಬರುತ್ತದೆ, ನಾಲ್ಕಕ್ಕೆ ಗುಡುಗುತ್ತದೆ. ರಾತ್ರಿ ಎಲ್ಲರೂ ಮಲಗಿದ ಮೇಲೆ ಒಂದು ಪ್ಲಗ್ಗೂ ಒಳಗಿರಕೂಡದು ಎಂಬುದು ಮನೆಯ ಕಾನೂನು. ನಾನು ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರಿನಲ್ಲಿ ಶೇಕಡಾ ಬರೆಯತೊಡಗಿದೆ. ಸೋಮವಾರ ಮೂವತ್ತೊಂದು, ಗುಡುಗು. ಮಂಗಳವಾರ ಇಪ್ಪತ್ತೆಂಟು, ಗುಡುಗು. ಬುಧವಾರ ಅರುವತ್ತು, ಪಕ್ಕದ ಮನೆಯವರು ಖಾಲಿ ಡ್ರಮ್ ಉರುಳಿಸಿದರು. ಪೆಟ್ಟಿಗೆ ಕೆಲವು ಸಲ ನಿಂತಲ್ಲಿಂದ ಮುಂದುವರಿಯುತ್ತಿತ್ತು, ಹೆಚ್ಚಿನ ಸಲ ಸೊನ್ನೆಯಿಂದ. ಎರಡನೆಯ ವಾರಕ್ಕೆ ನನ್ನ ಆಸೆ ಪೂರಾ ಬಿಟ್ಟುಹೋಯಿತು. ಇಪ್ಪತ್ತೆಂಟು ವರ್ಷ ಈ ಮನೆಯಲ್ಲಿ ಗೇದದ್ದಕ್ಕಿಂತ ಹೆಚ್ಚಿನ ಆಯಾಸ ಆ ನೀಲಿ ಗೆರೆ ಉದ್ದವಾಗುವುದನ್ನು ನೋಡಿ ಬಂತು.

ಭಾವ ಕಸ್ಟಮರ್ ಕೇರಿಗೆ ಫೋನ್ ಮಾಡಿದರು. ಒಬ್ಬಳು ಹೆಣ್ಣುಮಗಳು ಕನ್ನಡದಲ್ಲಿ ಮಾತಾಡಿದಳು. ಭಾವ ಮೊದಲು, "ನಿಮ್ಮದು ಮನೆ ಎಲ್ಲಾಯ್ತು?" ಎಂದು ಕೇಳಿದರು. ಅವಳು, "ಸರ್, ಒಮ್ಮೆ ಮೋಡೆಮ್ ಆಫ್ ಮಾಡಿ ಆನ್ ಮಾಡಿ ನೋಡಿದಿರಾ?" ಎಂದಳು.

"ಆಫ್ ಮಾಡಿದ್ದಾ? ಅಮ್ಮಾ, ನಮ್ಮ ಮನೆಯಲ್ಲಿ ಅದೇ ಕಸುಬು."

ಈ ಪ್ಲಗ್ಗಿನ ಹುಚ್ಚು ಎಲ್ಲಿಂದ ಬಂತೆಂದು ನನಗೆ ಹೇಳಿದ್ದು ಹಾಜಿಯವರೇ, ಒಮ್ಮೆ ಭಾವ ಎಲೆ ಅಡಿಕೆ ತರಲು ಒಳಗೆ ಹೋಗಿದ್ದಾಗ. ಕಾಡಿನ ಅಂಚಿನ ಲೈನು. ಕರೆಂಟ್ ತೆಗೆಸಿ ಭಾವ ಮೇಲೆ ಹತ್ತಿದ್ದರು. ತಲೆಯ ಮೇಲೆ ಒಳ್ಳೆಯ ಬಿಸಿಲು, ದೂರದಲ್ಲೆಲ್ಲೋ ಒಂದು ಗುಡುಗು. ಇಳಿ ಎಂದರಂತೆ ಹಾಜಿಯವರು. ಇನ್ನೊಂದೇ ನಟ್ಟು ಉಂಟು ಎಂದರಂತೆ ಭಾವ. ಎಲ್ಲೋ ಬಿದ್ದ ಸಿಡಿಲು ತಂತಿ ಹಿಡಿದುಕೊಂಡು ಬಂತು. ಭಾವ ಬಿದ್ದದ್ದು ಹಾಜಿಯವರ ಮೇಲೆ. ಭಾವನ ಎರಡು ಬೆರಳಿನ ಸ್ಪರ್ಶ ಹೋಯಿತು, ಹಾಜಿಯವರ ಭುಜದ ಎಲುಬು ಮುರಿಯಿತು. "ನಾನು ಓಡಿದ್ದರೆ ಇವ ನೆಲಕ್ಕೇ ಬೀಳ್ತಿದ್ದ ತಂಗಿ" ಎಂದು ಹಾಜಿಯವರು ನಕ್ಕಿದ್ದರು.

ನಿನ್ನೆ ಗುರುವಾರ ಏನು ಪುಣ್ಯವೋ, ಮೋಡವೇ ಬರಲಿಲ್ಲ. ಗೆಲ್ಲು ಕಡಿಯುವವರೂ ಬರಲಿಲ್ಲ. ಸಂಜೆ ಆರಕ್ಕೆ ನೂರು ಎಂದು ಕಂಡಿತು. ಭಾವ ಯಾರೋ ಅಪರಿಚಿತನ ಜೊತೆ ಒಂದು ಆಟ ಆಡಿ ನೋಡಲು ಕೂತರು. ಕಿವಿಗೆ ಮೈಕಿನ ಹೆಡ್‌ಫೋನು, ಆಚೆಯವರ ದನಿ ಟಿ.ವಿ.ಯಲ್ಲಿ. ಸ್ಟ್ರೈಕರ್ ಮುಟ್ಟುವ ಮೊದಲು, "ನಿಮ್ಮದು ಮನೆ ಎಲ್ಲಾಯ್ತು?" ಎಂದರು. ಆಚೆಯವನು ಯಾವ ದೇಶದವನೋ, ಎದ್ದು ಹೋದ. "ಕ್ರಮ ಗೊತ್ತಿಲ್ಲದವರು" ಎಂದರು ಭಾವ.

ಇವತ್ತು ನಾಲ್ಕೂವರೆಗೆ ಹಾಜಿಯವರ ದನಿ ನಮ್ಮ ಟಿ.ವಿ.ಯಿಂದ ಬಂತು. ಅಲ್ಲಿ ಆಗ ಎರಡು ಗಂಟೆ; ಜುಮ್ಮಾ ನಮಾಜು ಮುಗಿಸಿ, ಊಟ ಮಾಡಿ, ಆಸ್ಪತ್ರೆಗೆ ಹೊರಡುವ ಮೊದಲು ಕೂತಿದ್ದರು. ಅವರಿಬ್ಬರ ಮಾತು ತುಳುವಿನಲ್ಲಿ. ನಾನು ಕನ್ನಡದಲ್ಲಿ ಬರೆಯುತ್ತೇನೆ.

"ಎಂತ ಮಾರಾಯ, ಊಟ ಆಯ್ತಾ?"

"ಆಯ್ತು. ಬಸಳೆ. ನಿನ್ನದು?"

"ಉಪ್ಪಿಲ್ಲದ್ದು ಎಂತದೋ ಒಂದು. ಕಡಬದಲ್ಲಿ ಮೀನು ಉಂಟಾ?"

ಆಟದಲ್ಲಿ ಒಬ್ಬೊಬ್ಬರಿಗೆ ಮೂವತ್ತು ಸೆಕೆಂಡು. ಮೀನಿನ ಮಾತಿಗೆ ಒಬ್ಬರ ಸರದಿ ಹೋಯಿತು, ಮಗಳ ಮನೆಯ ಲಿಫ್ಟಿನ ಮಾತಿಗೆ ಇನ್ನೊಬ್ಬರದು. ಮೂವತ್ತು ಸೆಕೆಂಡಿನಲ್ಲಿ ಯಾರಾದರೂ ಕ್ಷೇಮಸಮಾಚಾರ ಮುಗಿಸುತ್ತಾರೆಯೇ? ಒಂದೂ ಕಾಯಿ ಬೀಳದೆ ಮೊದಲ ಆಟ ಮುಗಿಯಿತು. ಎರಡನೆಯದಕ್ಕೆ ಇಬ್ಬರೂ ಬಾಯಿ ಮುಚ್ಚಿ ಕೂತರು. ನಾನು ಹಪ್ಪಳ ತೆಗೆಯಲು ಟೆರೇಸಿಗೆ ಹೋದೆ.

ಘಟ್ಟ ಕಪ್ಪಾಗಿತ್ತು. ಎರಡು ಚಾಪೆ ಸುತ್ತಿದ್ದೆ, ಗುಡುಗಿತು. ಇಪ್ಪತ್ತಮೂರು ದಿನದ ಕೆಲಸ ಹೋಯಿತು ಎಂದು ಕೆಳಗೆ ಓಡಿದೆ. ಭಾವ ಎದ್ದಿರಲಿಲ್ಲ. ಹನ್ನೆರಡು ಪ್ಲಗ್ಗೂ ಗೋಡೆಯಲ್ಲೇ ಇದ್ದವು. ನಾನು ಟಿ.ವಿ.ಯ ಹತ್ತಿರ ಹೋದರೆ, ಬೇಡ ಎಂದು ಕೈ ಅಡ್ಡ ಹಿಡಿದರು.

"ಅದೆಂತ ಶಬ್ದ?" ಎಂದರು ಹಾಜಿಯವರು.

"ರೈಲು. ನೆಟ್ಟಣದಲ್ಲಿ."

"ನೆಟ್ಟಣದ ರೈಲು ನಿನಗೆ ಕಡಬದಲ್ಲಿ ಕೇಳುದು ಯಾವಾಗಿನಿಂದ?"

"ಅಲ್ಲ, ನಮ್ಮ ಇವಳು ಮೇಲೆ ಮಂಚ ಎಳೆಯುದು."

"ತಂಗಿ, ಎಂತ ಎಳೆಯುದು ನೀನು?"

ಭಾವ ನನ್ನ ಮುಖ ನೋಡಿದರು. ಆ ಮುಖವನ್ನು ನಾನು ಮೊದಲು ನೋಡಿರಲಿಲ್ಲ. ಮೈಕಿನ ಹತ್ತಿರ ಬಗ್ಗಿ, "ಮಂಚವೇ ಹಾಜಿಯವರೇ, ಹಪ್ಪಳ ಒಣಗಿಸ್ಲಿಕ್ಕೆ" ಎಂದೆ.

ಎರಡನೆಯ ಗುಡುಗು ಹತ್ತಿರವೇ ಆಯಿತು. ಬಲ್ಬು ಒಮ್ಮೆ ಮಂಕಾಗಿ ಬೆಳಗಿತು.

"ಪ್ಲಗ್ ತೆಗಿ ಮಾರಾಯ" ಎಂದರು ಹಾಜಿಯವರು.

"ಇನ್ನು ನಾಲ್ಕೇ ಕಾಯಿ ಉಂಟು. ಮುಗಿಸುವ. ನಿನ್ನ ಹೊಡೆತ."

ಹಾಜಿಯವರ ಮೂವತ್ತು ಸೆಕೆಂಡು ಇಳಿಯುತ್ತಿತ್ತು, ಹತ್ತೊಂಬತ್ತಕ್ಕೆ ನಿಂತಿತು. ಎದುರಾಳಿ ಆಟ ಬಿಟ್ಟಿದ್ದಾರೆ, ನೀವು ಗೆದ್ದಿರಿ ಎಂದು ಬಂತು, ಬಣ್ಣಬಣ್ಣದ ಕಾಗದ ಉದುರಿಸಿ.

"ಕೆಂಪು ಕಾಯಿ ಅವನೇ ಹಾಕಿದ್ದ" ಎಂದರು ಭಾವ. "ಅವನದ್ದು ಒಂದೇ ಕಾಯಿ ಇದ್ದದ್ದು. ಮೂಲೆಯ ಬಾಯಿಯಲ್ಲೇ ಉಂಟು. ಊದಿದರೆ ಬೀಳ್ತಿತ್ತು." ಎದ್ದು ಪ್ಲಗ್ಗು ತೆಗೆದರು, ಮೊದಲು ಹನ್ನೆರಡು, ಆಮೇಲೆ ಮೂರು, ಆಮೇಲೆ ಕೈಗೆ ಸಿಕ್ಕಿದ್ದು.

ಮಳೆ ನಿಂತದ್ದು ಆರೂ ಮುಕ್ಕಾಲಿಗೆ. ಮೊಬೈಲ್ ಆನ್ ಮಾಡಿದಾಗ ಹಾಜಿಯವರು ದನಿಯಲ್ಲಿ ಕಳುಹಿಸಿದ್ದ ಒಂದು ಮೆಸೇಜು ಇತ್ತು. ವಾಪಸು ಫೋನ್ ಮಾಡಿದರೆ ಮಗಳು ಎತ್ತಿ, ಅಪ್ಪನನ್ನು ಆಸ್ಪತ್ರೆಯ ಒಳಗೆ ಕರೆದುಕೊಂಡು ಹೋಗಿ ಆಯಿತು ಎಂದಳು. ಭಾವ ಮೆಸೇಜನ್ನು ಜಗಲಿಯಲ್ಲಿ ಕೂತು ಕೇಳಿದರು. "ನೀನು ಗೆದ್ದದ್ದಲ್ಲ, ತಿಳ್ಕೊ. ಆಟ ನಿಂತದ್ದು ಅಷ್ಟೇ. ಕಾಯಿ ಎಲ್ಲೆಲ್ಲಿ ಇತ್ತು ಅಂತ ಬರೆದಿಡು. ನಾನು ಬಂದ ಮೇಲೆ ಅಲ್ಲಿಂದಲೇ ಶುರು ಮಾಡುವ. ಕಾಯಿ ಆಚೀಚೆ ಮಾಡಿದರೆ ನನಗೆ ಗೊತ್ತಾಗ್ತದೆ."

ಭಾವ ನನ್ನ ಕೈಯಿಂದ ಕಾಗದ, ಪೆನ್ನು ಕೇಳಿ ತೆಗೆದುಕೊಂಡು ಚೌಕ ಎಳೆದರು. ಮೂಲೆಯಲ್ಲಿ ಒಂದು ಬಿಳಿ ಕಾಯಿ. ತಮ್ಮ ಮೂರು ಕಪ್ಪು ಕಾಯಿಗಳಲ್ಲಿ ಎರಡು ಇಟ್ಟರು, ಮೂರನೆಯದು ನೆನಪಾಗಲಿಲ್ಲ. "ನೀನು ನೋಡಿದ್ದಿಯಾ? ಸರಿಯಾಗಿ ಹೇಳು" ಎಂದು ಎರಡು ಸಲ ಕೇಳಿದರು. ನಾನು ನೋಡಿರಲಿಲ್ಲ.

ರಾತ್ರಿಗೆ ಗಂಜಿ, ಹುರುಳಿ ಚಟ್ನಿ, ಮಧ್ಯಾಹ್ನದ ಬಸಳೆ. ಭಾವ ಅರ್ಧ ಬಟ್ಟಲು ಉಂಡರು. ಮೊದಲು ನಿದ್ದೆಹೋದದ್ದು ನನ್ನ ಗಂಡ. ನಾನು ಇದನ್ನು ಬರೆಯುವಾಗಲೂ ಭಾವ ಆ ಕಾಗದ ಹಿಡಿದು ಜಗಲಿಯಲ್ಲಿ ಕೂತಿದ್ದಾರೆ.