ಗುಡ್ಡ ಹತ್ತಿದ ಬಾದಾಮಿ–ಇಳಕಲ್ ಗಾಡಿ

ನಮ್ಮ ಸೋದರಮಾವನ ಕಣ್ಣಿಗೆ ಗುಡ್ಡ ಗುಡ್ಡದ ಹಾಗೆ ಕಾಣುವುದಿಲ್ಲ. ಅದು ಎದ್ದು ನಿಂತ ರಸ್ತೆ, ಅಷ್ಟೇ! ರಸ್ತೆ ಅಂದಮೇಲೆ ಅದರ ಮೇಲೊಂದು ಬಸ್ಸು ಓಡಬೇಕು, ಬಸ್ಸು ಅಂದಮೇಲೆ ಅದಕ್ಕೊಬ್ಬ ಕಂಡಕ್ಟರ್ ಬೇಕು, ಕಂಡಕ್ಟರ್ ಅಂದಮೇಲೆ ಮಾಮಾನನ್ನು ಬಿಟ್ಟರೆ ಈ ಭೂಮಿಯ ಮೇಲೆ ಇನ್ನಾರಿದ್ದಾರೆ? ಹೀಗೆ ಸಾಗುತ್ತದೆ ಅವನ ತರ್ಕ. ಇದನ್ನು ಒಪ್ಪದವರು ಅವನ ಜೊತೆ ಗುಡ್ಡ ಹತ್ತಬಾರದು. ಒಪ್ಪಿದವರೂ ಹತ್ತಬಾರದು ಎಂಬುದು ನನ್ನ ಅನುಭವ.

ಮಾಮಾ ಸರಕಾರಿ ಬಸ್ಸಿನ ಕಂಡಕ್ಟರ್ ಆಗಿದ್ದವನು. ನೌಕರಿಗೆ ಸೇರಿದಂದಿನಿಂದ ನಿವೃತ್ತಿಯವರೆಗೆ ಬಾದಾಮಿಯಿಂದ ಇಳಕಲ್‌ಗೆ, ಇಳಕಲ್‌ನಿಂದ ಬಾದಾಮಿಗೆ. ನಡುವೆ ಗುಳೇದಗುಡ್ಡ, ಕಮತಗಿ, ಅಮೀನಗಡ, ಹುನಗುಂದ. ಈಗಲೂ ನಿದ್ದೆಯಲ್ಲಿ ಮಗ್ಗುಲು ಬದಲಿಸುವಾಗ "ಸರೀರಿ, ಒಳಗ ಸರೀರಿ" ಅನ್ನುತ್ತಾನೆಂದು ಅತ್ತೆಯ ದೂರು. ಮದುವೆಮನೆಯ ಪಂಕ್ತಿಯಲ್ಲಿ ಕುಳಿತರೆ ಅಕ್ಕಪಕ್ಕದವರನ್ನು ಒತ್ತಿ ಒತ್ತಿ ಇನ್ನಿಬ್ಬರಿಗೆ ಜಾಗ ಮಾಡಿಕೊಡುತ್ತಾನೆ. ಊಟಕ್ಕೆ ಬಂದವರು ಕೈ ಬಾಯಿಗೆ ಒಯ್ಯಲು ಜಾಗವಿಲ್ಲದೆ ಒದ್ದಾಡುತ್ತಾರೆ, ಆದರೆ ಯಾರೂ ನಿಂತಿರುವುದಿಲ್ಲ. ಮಾಮಾನಿಗೆ ಅಷ್ಟು ಸಾಕು.

ನಿವೃತ್ತನಾದ ಮೇಲೆ ಈ ಮನುಷ್ಯ ಸುಮ್ಮನೆ ಮನೆಯಲ್ಲಿ ಕೂಡುತ್ತಿದ್ದನೋ ಏನೋ. ಆದರೆ ಹೋದ ವರ್ಷ ಅತ್ತೆಗೆ ಲಕ್ವಾ ಹೊಡೆಯಿತು. ದೇವರ ದಯೆ, ಮಾತು ಉಳಿಯಿತು, ಕೈಯೂ ಬಂತು. ಎಡಗಾಲು ಮಾತ್ರ ಹಿಂದೆ ಬಿತ್ತು. ದಿನಾ ನಡೆಯಬೇಕು, ನಡೆದರೆ ಸುಧಾರಿಸುತ್ತದೆ, ಕುಳಿತರೆ ಕಾಲೂ ಕುಳಿತುಬಿಡುತ್ತದೆ ಎಂದು ಡಾಕ್ಟರು ಎಚ್ಚರಿಸಿದರು. ಅತ್ತೆ ಹೊಸ್ತಿಲು ದಾಟಲು ಸುತಾರಾಂ ಒಪ್ಪಲಿಲ್ಲ. ಓಣಿಯಲ್ಲಿ ಒಂದು ಕಾಲಕ್ಕೆ ಗಾಳಿಯ ಹಾಗೆ ಓಡಾಡಿದವಳು. ಈಗ ಕಾಲೆಳೆದುಕೊಂಡು ಹೊರಟರೆ ಕಟ್ಟೆ ಕಟ್ಟೆಯಿಂದಲೂ ಜನ ಮುಖ ಬಿಟ್ಟು ಕಾಲನ್ನೇ ನೋಡುತ್ತಾರೆ, ಪಾಪ ಅನ್ನುತ್ತಾರೆ. ಬೈದರೆ ಅವಳು ನಾಲ್ಕು ಪಟ್ಟು ತಿರುಗಿ ಬೈಯಬಲ್ಲಳು, ಪಾಪ ಅನ್ನುವವರಿಗೆ ಏನೆಂದು ಉತ್ತರ ಕೊಡುವುದು? ತಿಂಗಳುಗಟ್ಟಲೆ ಅಡುಗೆಮನೆಯಿಂದ ಪಡಸಾಲೆ, ಪಡಸಾಲೆಯಿಂದ ಅಡುಗೆಮನೆ. ಕಾಲು ದಿನದಿಂದ ದಿನಕ್ಕೆ ಬಿಗಿಯಾಗುತ್ತ ಹೋಯಿತು.

ಆಗ ಮಾಮಾ ನಮಗೆಲ್ಲ ಫೋನ್ ಮಾಡಿದ. ನಾನು ಬಾಗಲಕೋಟೆಯ ನವನಗರದಲ್ಲಿ ಶಾಲೆಯ ಮಾಸ್ತರ. ಬೀಡಿ ಸೇದುವುದಿಲ್ಲ, ಎಲೆ ಹಾಕುವುದಿಲ್ಲ, ಭಾನುವಾರ ಬಿಸಿಲು ಮುಖಕ್ಕೆ ಬೀಳುವ ತನಕ ಮಲಗುವುದೊಂದೇ ನನಗಿರುವ ಚಟ. ಅದಕ್ಕೇ ಕಲ್ಲು ಹಾಕಲು ಬಂದಿದ್ದ! ಐತವಾರ ಮುಂಜಾನೆ ಎಲ್ಲರೂ ಬಾದಾಮಿಗೆ ಬರಬೇಕು, ಗುಡ್ಡ ಹತ್ತುವುದಿದೆ ಎಂದ. ಈ ವಯಸ್ಸಿನಲ್ಲಿ ನಿನಗೆ ಗುಡ್ಡದ ಹುಚ್ಚು ಯಾಕೆ ಹತ್ತಿತು ಎಂದು ಕೇಳಿದೆ.

"ಹತ್ತ ಮಂದಿ ನಡುವ ಒಂದ ಕಾಲು ಯಾರ ಕಣ್ಣಿಗೂ ಬೀಳಂಗಿಲ್ಲೋ" ಎಂದು ಹೇಳಿ ಫೋನ್ ಇಟ್ಟುಬಿಟ್ಟ. ನಾನು ಐತವಾರದ ನಸುಕಿಗೆ ಅಲಾರಂ ಇಟ್ಟೆ.

ಬಾದಾಮಿಯ ಹೊರಗೆ, ಗುಹೆಗಳ ಗದ್ದಲದಿಂದ ದೂರದಲ್ಲಿ, ಬೇಲಿ ಹಾಕಿ ಗಿಡಮರ ಕಾಯ್ದಿಟ್ಟ ಒಂದು ಗುಡ್ಡವಿದೆ. ಬಾರಿ, ಕವಳಿ ಹಣ್ಣಿನ ಮುಳ್ಳುಕಂಟಿ, ನವಿಲು, ಕೆಂಪು ಬಂಡೆ. ಮಕ್ಕಳೂ ಮುದುಕರೂ ಹತ್ತಬಹುದಾದ ಸಾದಾ ದಾರಿ. ಅಲ್ಲಿ ನಾವೆಲ್ಲ ಕೂಡಿದೆವು: ನಾನು, ನನ್ನ ಹೆಂಡತಿ, ಇಬ್ಬರು ಮಕ್ಕಳು, ನಮ್ಮ ಅವ್ವ, ಮಾಮಾನ ಮಗಳು ಮತ್ತು ಹೊಸ ಅಳಿಯ. ಮಾಮಾ, ಅತ್ತೆ ಸೇರಿದರೂ ಹತ್ತು ತುಂಬಲಿಲ್ಲ. ರೊಟ್ಟಿ ಬುತ್ತಿಯ ಗಂಟು ಒಬ್ಬ ಮನುಷ್ಯನಷ್ಟು ಇತ್ತಾದ್ದರಿಂದ ಅದನ್ನೂ ಹಿಡಿದು ಹತ್ತು ಅಂದುಕೊಂಡೆವು.

ಮಾಮಾ ಮೊದಲ ದಿನವೇ ಇಡೀ ಗುಡ್ಡಕ್ಕೆ ನಾಮಕರಣ ಮಾಡಿ ಮುಗಿಸಿದ. ಗೇಟು ಬಾದಾಮಿ. ಸ್ವಲ್ಪ ಮೇಲಿರುವ ಕಲ್ಲುಬೆಂಚು ಗುಳೇದಗುಡ್ಡ. ದಾರಿ ಹೊರಳುವ ಜಾಗ ಕಮತಗಿ. ಎಮ್ಮೆ ಮಲಗಿದ ಹಾಗಿರುವ ಬಂಡೆ ಅಮೀನಗಡ. ಬೇವಿನ ಗಿಡ ಹುನಗುಂದ. ಅಲ್ಲಿಂದ ಕಡಿದಾದ ಮೆಟ್ಟಿಲು ಹತ್ತಿದರೆ ನೆತ್ತಿ, ಅದು ಇಳಕಲ್. ಇಳಕಲ್ ಅತ್ತೆಯ ತವರು. ತವರಿನ ತನಕ ಗಾಡಿ ಇದೆ, ಹತ್ತು ಎಂದು ಆಸೆ ಹಚ್ಚಿ ನೋಡಿದ. ಇಳಕಲ್ ಗಾಡಿಯಲ್ಲೇ ಜೀವಮಾನ ಕಳೆದರೂ ತನ್ನನ್ನು ಒಂದು ದಿನ ತವರಿಗೆ ಕರೆದೊಯ್ಯಲು ರಜೆ ಸಿಗದ ಗಂಡ ಈಗ ಗುಡ್ಡದ ತುದಿಯಲ್ಲಿ ತವರು ತೋರಿಸುತ್ತಿದ್ದಾನೆ ಎಂದು ಅತ್ತೆ ನಮ್ಮ ಅವ್ವನಿಗೆ ಕೇಳುವಂತೆ ಗೊಣಗಿದಳು. ಗೊಣಗುತ್ತಲೇ ಗೇಟು ದಾಟಿದಳು.

ಗಾಡಿ ಬಿಡುವ ಶಾಸ್ತ್ರ ಕೇಳಬೇಡಿ! ಮಕ್ಕಳು ಮುಂದೆ, ಹೆಂಗಸರು ಅವರ ಹಿಂದೆ, ಹೊಸ ಜೋಡಿ ಬೇರೆ ಬೇರೆ ಸೀಟಿನಲ್ಲಿ. ಅಳಿಯ ಪಾಪದವನು, ಬೆಂಗಳೂರಿನ ಹುಡುಗನಲ್ಲ, ಹುನಗುಂದದ ಕೋರ್ಟಿನಲ್ಲಿ ವಕೀಲ. ತಾನೂ ಹೆಂಡತಿಯೂ ಜೊತೆಗೆ ನಡೆಯಲು ಏನಡ್ಡಿ ಎಂದು ವಾದ ಹೂಡಿದ. ಮೊದಲ ವಿಚಾರಣೆಯಲ್ಲೇ ಸೋತ. ಮಾಮಾ ಎಲ್ಲರಿಗಿಂತ ಹಿಂದೆ, ನನ್ನ ಬೆನ್ನ ಹಿಂದೆಯೇ, ಅತ್ತೆಯಿಂದ ಎರಡು ಮಾರು ದೂರದಲ್ಲಿ ನಿಂತು ಸೀಟಿ ಊದಿದ. ಪೊದೆಯೊಳಗಿಂದ ಮೂರು ನವಿಲು ಕಿರುಚಿಕೊಂಡು ಹಾರಿದವು. ಅವುಗಳ ಹಿಂದೆಯೇ ಗುಡ್ಡದ ಕಾವಲುಗಾರ ಓಡಿಬಂದ.

ಇಲ್ಲಿ ಸೀಟಿ ಊದುವ ಹಾಗಿಲ್ಲ ಎಂದು ಆತ ಹೇಳಿದ್ದೇ ತಡ, ಮಾಮಾ ಸೀಟಿಯನ್ನು ಜೇಬಿಗಿಳಿಸಿದ. ನಿಯಮಕ್ಕೆ ಅವನು ಯಾವತ್ತೂ ತಲೆಬಾಗುವವನೇ. ನಾನು ಪೀಡೆ ತೊಲಗಿತು ಅಂದುಕೊಂಡೆ. ಆದರೆ ಸೀಟಿ ಇಲ್ಲದಾಗ ಕಂಡಕ್ಟರುಗಳು ಏನು ಮಾಡುತ್ತಾರೆ ಹೇಳಿ? ಬಸ್ಸಿನ ತಗಡಿಗೆ ಅಂಗೈಯಿಂದ ಬಡಿಯುತ್ತಾರೆ. ಒಂದು ಏಟಿಗೆ ನಿಲ್ಲು, ಎರಡು ಏಟಿಗೆ ಹೊರಡು. ನಮ್ಮ ಗಾಡಿಯಲ್ಲಿ ತಗಡಿನಷ್ಟು ಅಗಲವಾದದ್ದು ನನ್ನ ಬೆನ್ನೊಂದೇ!

ಅಂದಿನಿಂದ ಪ್ರತಿ ಭಾನುವಾರ ನನ್ನ ಬೆನ್ನಿನ ಮೇಲೆ ಗಾಡಿ ನಿಂತಿತು, ಗಾಡಿ ಹೊರಟಿತು. ಸೋಮವಾರ ಶಾಲೆಯಲ್ಲಿ ಕುರ್ಚಿಗೆ ಒರಗಲಾರದೆ ನೆಟ್ಟಗೆ ಕುಳಿತು ಪಾಠ ಮಾಡುತ್ತಿದ್ದೆ. ಹೆಡ್‌ಮಾಸ್ತರರು ನನ್ನ ಶಿಸ್ತನ್ನು ಮೆಚ್ಚಿಕೊಂಡರು. ಒಮ್ಮೆ ಮಾತಿನ ಭರದಲ್ಲಿ ಮಾಮಾ ನನ್ನ ಪಕ್ಕ ಹಾಯುತ್ತಿದ್ದ ಅಪರಿಚಿತರೊಬ್ಬರ ಬೆನ್ನಿಗೆ ಎರಡು ಬಿಗಿದುಬಿಟ್ಟ. ದೊಡ್ಡ ಅಧಿಕಾರಿಯ ಗತ್ತಿನ ಮನುಷ್ಯ, ಬೆಲೆಬಾಳುವ ಬೂಟು. ಇನ್ನು ಜಗಳವೇ ಸರಿ ಎಂದು ನಾವು ಉಸಿರು ಬಿಗಿಹಿಡಿದರೆ, ಆ ಪುಣ್ಯಾತ್ಮ ಹಿಂದೆಮುಂದೆ ನೋಡದೆ ದಡದಡ ಹೊರಟೇಹೋದರು. ನಮ್ಮ ಭಾಗದ ಜನ ಬಸ್ಸಿಗೆ ಅಷ್ಟು ಒಗ್ಗಿದ್ದಾರೆ.

ಇಷ್ಟೆಲ್ಲ ಸಂಭ್ರಮದಿಂದ ಹೊರಟ ಗಾಡಿ ಎಷ್ಟು ದೂರ ಹೋಗುತ್ತಿತ್ತು? ಗುಳೇದಗುಡ್ಡದ ತನಕ. ಅಂದರೆ ಗೇಟಿನಿಂದ ಕಾಣುವ ಆ ಮೊದಲ ಕಲ್ಲುಬೆಂಚಿನ ತನಕ. ಅತ್ತೆ ಅಲ್ಲಿ ಕುಳಿತು ತನ್ನಿಂದ ಇನ್ನು ಆಗದು ಅನ್ನುತ್ತಿದ್ದಳು. ಹಿಂದುಳಿದ ಪ್ರಯಾಣಿಕ ಏಳದೆ ಗಾಡಿ ಬಿಡುವುದಿಲ್ಲ ಎಂಬುದು ಮಾಮಾನ ಕಾನೂನು. ನಾವೆಲ್ಲ ಅವಳ ಸುತ್ತ ಕುಳಿತು, ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಶೇಂಗಾ ಹಿಂಡಿ, ಮೊಸರು ಹೊಡೆದು, ಬಿಸಿಲೇರುವುದರೊಳಗೆ ಕೆಳಗಿಳಿಯುತ್ತಿದ್ದೆವು. ಇಡೀ ಬೇಸಿಗೆ ಇದೇ ನಡೆಯಿತು. ಕುಳಿತಲ್ಲೇ ಚಾರಣ ಮಾಡಿದ ಮನೆತನ ಈ ಜಿಲ್ಲೆಯಲ್ಲಿ ನಮ್ಮದೊಂದೇ ಇರಬೇಕು! ಗುಡ್ಡ ಹತ್ತಲು ಶುರುಮಾಡಿದ ಮೇಲೆ ನನ್ನ ಹೊಟ್ಟೆ ಇನ್ನಷ್ಟು ಬೆಳೆಯಿತು.

ಅವ್ವನಿಗೆ ತಡೆಯಲಾಗಲಿಲ್ಲ. ತಮ್ಮನಿಗೆ ದಬಾಯಿಸಿದಳು. ರಟ್ಟೆ ಹಿಡಿದು ಎಬ್ಬಿಸು, ಇಲ್ಲದಿದ್ದರೆ ಈ ಜನ್ಮದಲ್ಲಿ ಅವಳು ಏಳುವುದಿಲ್ಲ ಎಂದಳು. ಮಾಮಾ ತಲೆ ಅಲ್ಲಾಡಿಸಿದ.

"ಕೈ ಹಿಡದು ಎಳದ್ರ ಪ್ಯಾಸೆಂಜರ್ ಬೀಳ್ತಾರಕ್ಕಾ. ತಾವ ಹತ್ತಬೇಕು. ಅಲ್ಲೀತನಾ ಗಾಡಿ ನಿಲ್ಲಸೂದು ಅಷ್ಟ ನನ್ನ ಕೆಲಸ."

ಹೀಗೆ ನಿಲ್ಲಿಸಿದ ಗಾಡಿಯನ್ನು ಕೊನೆಗೆ ಅಲುಗಾಡಿಸಿದ್ದು ಒಂದು ಮಂಗ. ಬಾದಾಮಿಯ ಮಂಗಗಳ ವಿಚಾರ ನಿಮಗೆ ಹೊಸದಾಗಿ ಹೇಳಬೇಕೆ? ಒಂದು ದಿನ ದೊಡ್ಡ ಗಡವ ಮಂಗವೊಂದು ಬಂದು ಬುತ್ತಿಯ ಗಂಟಿನಿಂದ ಶೇಂಗಾ ಹೋಳಿಗೆ ಎತ್ತಿಕೊಂಡು ಹೊರಳಿನಲ್ಲಿ, ಅದೇ ಕಮತಗಿಯಲ್ಲಿ, ಕುಳಿತಿತು. ಮಾಮಾ ಅದರ ಬೆನ್ನು ಹತ್ತಿ ಹೋಗಿ ಎದುರು ನಿಂತು, ಹಾಗೆಲ್ಲ ಟಿಕೀಟಿಲ್ಲದೆ ಮುಫತ್ತಾಗಿ ಬರುವಂತಿಲ್ಲ, ಇಳಿದು ಮುಂದಿನ ಗಾಡಿಗೆ ಬಾ ಎಂದು ಗದರಿದ. ಮಂಗ ಹಲ್ಲು ಕಿರಿಯಿತು. ಮಾಮಾ ತನ್ನ ಸರ್ವಿಸಿನ ಕಥೆ ಶುರುಮಾಡಿದ. ಮಂಗ ಹೋಳಿಗೆ ಮುರಿದು ಒಂದು ಚೂರನ್ನು ಅವನ ಕಾಲ ಬುಡಕ್ಕೆ ಒಗೆಯಿತು. ಅಲ್ಲಿ ನೋಡಿದರೆ ಅತ್ತೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಾಳೆ! ಕಾಯಿಲೆ ಬಂದಮೇಲೆ ಅವಳು ನಕ್ಕಿದ್ದನ್ನು ನಾವು ಕಂಡಿರಲಿಲ್ಲ. ನಗುತ್ತ ನಗುತ್ತ ಇನ್ನೂ ಚೆನ್ನಾಗಿ ನೋಡಬೇಕೆಂದು ಎದ್ದು ಹತ್ತು ಹೆಜ್ಜೆ ಮುಂದೆ ಬಂದಿದ್ದಳು. ಅದು ಅವಳಿಗೂ ತಿಳಿದಿರಲಿಲ್ಲ. ಮುಂದಿನ ವಾರದಿಂದ ಮಾಮಾ ಮಂಗನಿಗೆಂದು ಬೇರೆ ಹೋಳಿಗೆ ಕಟ್ಟಿಸಿಕೊಂಡು ಬರತೊಡಗಿದ. ಮತ್ತೆ ಅದೇ ಜಗಳ, ವಾರದಿಂದ ವಾರಕ್ಕೆ ಸ್ವಲ್ಪ ಮೇಲೆ.

ಮಳೆಗಾಲ ಮುಗಿಯುವ ಹೊತ್ತಿಗೆ ಅತ್ತೆ ಕಮತಗಿ ದಾಟಿದಳು. ದಸರೆಗೆ ಎಮ್ಮೆಬಂಡೆ ಮುಟ್ಟಿದಳು. ಬಂಡೆಗೆ ಕೈ ಹಚ್ಚಿದಳೋ ಇಲ್ಲವೋ, ಮಾಮಾ ಜೇಬಿನಿಂದ ಪೊಟ್ಟಣ ತೆಗೆದು ಎಲ್ಲರಿಗೂ ಕರದಂಟು ಹಂಚಿದ. ಬೆಲ್ಲ, ಅಂಟಿನ ಆ ಸಿಹಿಗೇ ಹೆಸರಾದ ಅಮೀನಗಡ ಬಂದಮೇಲೆ ಕರದಂಟು ಬರಬೇಡವೇ? ಅದನ್ನು ಬೇಸಿಗೆಯಿಂದ ಪ್ರತಿವಾರ ಜೇಬಿನಲ್ಲಿಟ್ಟುಕೊಂಡು ಬರುತ್ತಿದ್ದನಂತೆ. ಬಂಡೆ ಯಾವುದು, ಕರದಂಟು ಯಾವುದು ಎಂದು ಹಲ್ಲಿಗೆ ತಿಳಿಯದಂತಾಗಿತ್ತು. ನನ್ನ ಮಗಳ ಅಲುಗಾಡುತ್ತಿದ್ದ ಹಲ್ಲೊಂದು ಅಲ್ಲೇ ಉದುರಿತು. ಅತ್ತೆ ಮಾತ್ರ ತನ್ನ ಪಾಲನ್ನು ಬಾಯಲ್ಲಿಟ್ಟುಕೊಂಡು ಬಹಳ ಹೊತ್ತು ಚೀಪುತ್ತ ಕುಳಿತಳು.

ಸಂಕ್ರಾಂತಿಯ ಮುಂಚಿನ ಒಂದು ಭಾನುವಾರ, ಗಾಳಿ ತಣ್ಣಗಿತ್ತು, ಅತ್ತೆ ಬೇವಿನ ಗಿಡದ ತನಕ ಬಂದೇಬಿಟ್ಟಳು. ಹುನಗುಂದ! ಇನ್ನು ಮೆಟ್ಟಿಲೇರಿದರೆ ಇಳಕಲ್. ಮಕ್ಕಳು ಕುಣಿದರು. ವಕೀಲ ಅಳಿಯ ಮೊಬೈಲ್ ಹೊರತೆಗೆದು ವಿಡಿಯೋಕ್ಕೆ ಸಜ್ಜಾದ. ಅತ್ತೆ ಮೆಟ್ಟಿಲುಗಳನ್ನು ಕೆಳಗಿನಿಂದ ಮೇಲಿನ ತನಕ ಒಮ್ಮೆ ನೋಡಿದಳು. ಸೆರಗಿನಿಂದ ಬೆವರು ಒರೆಸಿಕೊಂಡು ಗಿಡದ ಬುಡದ ಕಲ್ಲಿನ ಮೇಲೆ ಕುಳಿತಳು. ಇಷ್ಟು ಬಂದವಳು ಇನ್ನೊಂದಿಷ್ಟು ಹತ್ತಬಾರದೇ ಎಂದು ಅವ್ವ ಅಂಗಲಾಚಿದಳು. ಮಾಮಾ ಎಂದಿನಂತೆ ಹಿಂದೆ ನಿಂತೇ ಇದ್ದ, ನನ್ನ ಬೆನ್ನಿನ ಹತ್ತಿರ ಕೈ ಎತ್ತಿಕೊಂಡು. ಎರಡು ಏಟು ಬೀಳುತ್ತವೆಂದು ನಾನೂ ಕಾದೆ.

"ನೀವು ಊರಾಗಿನ ಮಂದಿನೆಲ್ಲಾ ಊರ ಮುಟ್ಟಸೀರಿ" ಅಂದಳು ಅತ್ತೆ, ಅವನ ಕಡೆ ತಿರುಗಿ. "ನನಗ ಇಷ್ಟ ಸಾಕಾತು. ನಿಂತ ನಿಂತ ನಿಮಗೂ ಕಾಲು ನೋವಾಗಿರ್ತಾವ. ಬರ್ರಿ, ಕೂಡ್ರಿ."

ಮಾಮಾ ಕೈ ಇಳಿಸಿದ. ಓಡುವ ಗಾಡಿಯಲ್ಲಿ ಅವನು ಕುಳಿತದ್ದನ್ನು ಕಂಡವರು ಯಾರೂ ಇಲ್ಲ. ತನ್ನ ಸೀಟನ್ನು ಯಾವಾಗಲೂ ಬಸುರಿಯರಿಗೋ ಮುದುಕರಿಗೋ ಬಿಟ್ಟುಕೊಟ್ಟು ಬಾಗಿಲಲ್ಲಿ ನಿಲ್ಲುತ್ತಿದ್ದವನು.

"ನೀವು ನಡೀರಿ" ಎಂದ ನಮಗೆ. "ನಾ ಇಲ್ಲೇ ಇಳೀತೇನಿ."

ನಾವು ಮೆಟ್ಟಿಲು ಹತ್ತಿದೆವು. ಬಡಿಯುವವರಿಲ್ಲದ ಬೆನ್ನು ಹೊತ್ತು ಹತ್ತುವುದು ಸುಖವೆಂದುಕೊಂಡಿದ್ದೆ, ಹಾಗೇನೂ ಅನ್ನಿಸಲಿಲ್ಲ. ನೆತ್ತಿಯಲ್ಲಿ ಗಾಳಿ ಜೋರಾಗಿತ್ತು. ಎಲ್ಲರೂ ದೂರದ ಹೊಲ, ಕೆರೆ, ಊರು ತೋರಿಸಿಕೊಳ್ಳುತ್ತಿದ್ದಾಗ ನಾನು ಕೆಳಗೆ ಬೇವಿನ ಗಿಡದತ್ತ ನೋಡಿದೆ. ಮಾಮಾ ನೆಲದ ಮೇಲೆ ಕುಳಿತಿದ್ದ. ಅತ್ತೆಯ ಎಡಗಾಲಿನ ಚಪ್ಪಲಿ ಬಿಚ್ಚಿ ಬದಿಗಿಟ್ಟು, ಆ ಕಾಲನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ಒತ್ತುತ್ತಿದ್ದ. ನಮ್ಮ ಮನೆತನದಲ್ಲಿ ಗಂಡಸರು ಬಾಗಿಲು ಮುಚ್ಚಿಕೊಂಡಾದರೂ ಹೀಗೆ ಮಾಡಿದ್ದನ್ನು ನಾನು ಕೇಳಿಲ್ಲ. ಅಷ್ಟರಲ್ಲಿ ನಮ್ಮೂರ ಕಡೆಯವರದೇ ಒಂದು ದೊಡ್ಡ ಗುಂಪು ಹೊರಳಿನಿಂದ ಮೇಲೆ ಬಂದು, ಅವರ ಮುಂದೆಯೇ, ತಿರುತಿರುಗಿ ನೋಡುತ್ತ ಹಾದುಹೋಯಿತು. ಅತ್ತೆ ತಲೆಯ ಮೇಲಿನ ಸೆರಗು ಸರಿಮಾಡಿಕೊಂಡಳು. ಕಾಲನ್ನು ಹಿಂದಕ್ಕೆ ಎಳೆದುಕೊಳ್ಳಲಿಲ್ಲ.